ಮೇಷ್ಟ್ರ ಕೆಮ್ಮು

ನಾನು ಬಿ.ಎ. ಓದಿದ್ದು ಮೇಷ್ಟ್ರ ಬೆನ್ನು ನೋಡಿಕೊಂಡು. ಇದು ಗುರುಭಕ್ತಿಯ ಮಾತಲ್ಲ, ನಡೆದ ಸಂಗತಿ. ಈಗಿನ ಹುಡುಗಿಯರಿಗೆ ಹೇಳಿದರೆ ನಗುತ್ತಾರೆ. ನಗಲಿ, ಆಗ ನಮಗೂ ನಗು ಬರುತ್ತಿತ್ತು.

ಬಸವನಗುಡಿಯಲ್ಲಿ ಯಾರೋ ಪುಣ್ಯಾತ್ಮರು ಬಿಟ್ಟುಕೊಟ್ಟ ಹಳೆಯ ಬಂಗಲೆಯೇ ನಮ್ಮ ಕಾಲೇಜು. ಅಲ್ಲಿ ಕಲಿಸುತ್ತಿದ್ದದ್ದು ಇತಿಹಾಸ, ತತ್ತ್ವಶಾಸ್ತ್ರ, ಸಂಸ್ಕೃತ, ಕನ್ನಡ. ಅಂದರೆ, ಇದನ್ನೆಲ್ಲ ಓದಿ ಏನು ಮಾಡುತ್ತೀಯೆಂದು ನೆಂಟರು ತಪ್ಪದೆ ಕೇಳುವಂಥವು. ತರಗತಿಯಲ್ಲಿ ಹುಡುಗಿಯರು ಇಬ್ಬರೇ, ಎನ್.ಆರ್. ಕಾಲೋನಿಯ ನಾನು ಮತ್ತು ಚಾಮರಾಜಪೇಟೆಯ ಗಿರಿಜ. ಹುಡುಗಿಯರು ತಾವಾಗಿ ತರಗತಿಗೆ ಹೋಗುವಂತಿರಲಿಲ್ಲ. ಗಂಟೆ ಹೊಡೆದ ಮೇಲೆ ಮೇಷ್ಟ್ರು, ಹುಡುಗಿಯರು ಕಾದು ಕೂರಲೆಂದೇ ಇದ್ದ ನಮ್ಮ ಕೋಣೆಯ ಮುಂದೆ ನಿಂತು ಕೆಮ್ಮುವರು. ನಾವು ಸೆರಗು ಹೊದ್ದು ಹೊರಬಂದು, ಹಸುವಿನ ಹಿಂದೆ ಕರು ಹೋದ ಹಾಗೆ ಅವರ ಹಿಂದೆ ನಡೆದು, ಮುಂದಿನ ಬೆಂಚಿನಲ್ಲಿ ಕೂರಬೇಕು. ಪಾಠ ಮುಗಿದೊಡನೆ ಹಾಗೆಯೇ ಅವರ ಹಿಂದೆ ಹೊರಟುಬಿಡಬೇಕು. ತಲೆಯೆತ್ತುವುದಿಲ್ಲ, ಹಿಂದೆ ತಿರುಗಿ ನೋಡುವ ಮಾತಂತೂ ಇಲ್ಲವೇ ಇಲ್ಲ.

ನಮ್ಮ ತತ್ತ್ವಶಾಸ್ತ್ರದ ಮೇಷ್ಟ್ರು ಅನುಮಾನ ಪ್ರಮಾಣವನ್ನು ತಿಂಗಳುಗಟ್ಟಲೆ ಪಾಠ ಮಾಡಿದರು. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇರಲೇಬೇಕು. ಕಾಣದ್ದನ್ನು ಕಂಡದ್ದರಿಂದ ತಿಳಿಯುವುದು ಹೀಗೆ. ಹಿಂದೆ ಕೂತ ಹುಡುಗರನ್ನು ನಾವು ತಿಳಿದದ್ದು ಈ ಪ್ರಮಾಣದಿಂದಲೇ. ಚಪ್ಪಲಿ ಎಳೆಯುವವನೊಬ್ಬ, ಮೂಗಿನಲ್ಲಿ ನಗುವವನೊಬ್ಬ, ಅಷ್ಟೇ ನಮಗೆ ಗೊತ್ತಿದ್ದ ಸಹಪಾಠಿಗಳು. ಆದರೆ ಮೇಷ್ಟ್ರು ಕೆಲವೊಮ್ಮೆ ವಾಕ್ಯದ ನಡುವೆ ನಿಂತು, ನಮ್ಮ ತಲೆಗಳ ಮೇಲಿಂದ ಹಿಂದಕ್ಕೆ ಏನನ್ನೋ ನೋಡುವರು. ಅವರ ಗಂಟುಮುಖ ಆಗ ಸಡಿಲವಾಗುತ್ತಿತ್ತು.

"ಹಿಂದುಗಡೆ ಏನೋ ಇದೆ ಕಣೇ," ಎಂದಳು ಗಿರಿಜ. "ಬಿ.ಎ. ಮುಗಿದ ದಿನ ಬಂದು ತಿರುಗಿ ನೋಡ್ಬಿಡೋಣ. ಬಿ.ಎ. ಆದೋರನ್ನ ಯಾರೇನಂತಾರೆ?"

ಬಿ.ಎ. ಎಂದರೆ ಅವಳಿಗೆ ಅಷ್ಟು ದೊಡ್ಡದು. ಚಿಕ್ಕಪೇಟೆಯಲ್ಲಿ ಬಟ್ಟೆ ಅಂಗಡಿಯಿದ್ದ ಮನೆತನ; ಗಂಡುಮಕ್ಕಳೇ ಹೈಸ್ಕೂಲು ದಾಟಿರಲಿಲ್ಲ. ಅಜ್ಜನ ಲಿಂಗಪೂಜೆಗೆ ದಿನಾ ಹೂವು ಅಣಿಮಾಡಿಕೊಡುತ್ತ, ವರ್ಷವಿಡೀ ಬೇಡಿಕೊಂಡು ಕಾಲೇಜಿಗೆ ಅಪ್ಪಣೆ ಪಡೆದಿದ್ದಳು. ಓದಿನಲ್ಲಿ ನನಗಿಂತ ಎಷ್ಟೋ ಚುರುಕು. ಮೇಷ್ಟ್ರ ಜೊತೆ ವಾದ ಮಾಡುತ್ತಿದ್ದಳು, ಅದೂ ಡೆಸ್ಕನ್ನು ನೋಡಿಕೊಂಡು.

ಕೊನೆಯ ವರ್ಷ ಒಂದು ಬೆಳಿಗ್ಗೆ ಗಂಟೆ ಹೊಡೆಯಿತು, ಮೇಷ್ಟ್ರು ಕೆಮ್ಮಿದರು, ನಾವು ಹೊರಟೆವು. ಅವರು ತರಗತಿಯನ್ನು ದಾಟಿದರು, ಗೇಟನ್ನೂ ದಾಟಿದರು.

"ಎಲ್ಲಿಗೆ ಹೋಗ್ತಿದಾರೆ?" ಎಂದು ಪಿಸುಗುಟ್ಟಿದೆ.

"ಯಾರಿಗ್ಗೊತ್ತು? ಕೆಮ್ಮಿದ್ರಲ್ಲ, ನಡಿ."

ಮೇಷ್ಟ್ರು ಬಜಾರಿನ ಕಾಫಿ ಹೋಟೆಲು ಹೊಕ್ಕು ಕೂತರು. ನಾವೂ ಹೊಕ್ಕು, ಪುಸ್ತಕ ಎದೆಗವಚಿಕೊಂಡು ಅವರ ಮೇಜಿನ ಮುಂದೆ ನಿಂತೆವು. ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ಹೋಟೆಲಿನ ಮೆಟ್ಟಿಲು ಹತ್ತದ ಕಾಲ ಅದು.

ಮೇಷ್ಟ್ರು ತಲೆಯೆತ್ತಿ ಬೆಚ್ಚಿದರು. "ನೀವ್ಯಾಕಮ್ಮ ಬಂದ್ರಿ?"

"ನೀವು ಕೆಮ್ಮಿದ್ರಿ ಸಾರ್," ಎಂದಳು ಗಿರಿಜ.

ಪಾಪ, ಅವರಿಗೆ ನಿಜವಾಗಿಯೂ ನೆಗಡಿ. ಗಂಟಲು ಕಟ್ಟಿ ಪಾಠವಿಲ್ಲವೆಂದು ಹುಡುಗರಿಗೆ ಹೇಳಿ ಕಳಿಸಿದ್ದರು. ಕೋಣೆಯೊಳಗಿದ್ದ ನಮಗೆ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಹೊಗೆ ಇತ್ತು, ಬೆಂಕಿ ಇರಲಿಲ್ಲ. ಹೋಟೆಲಿಗೆ ಹೋಟೆಲೇ ನಕ್ಕಿತು. ವಾಪಸು ಬರುವಾಗ ನಾವಿಬ್ಬರೂ ದಾರಿಯುದ್ದಕ್ಕೂ ನಕ್ಕೆವು. ಗಿರಿಜಳ ಜೊತೆ ನಾನು ನಕ್ಕಿದ್ದು ಅದೇ ಕೊನೆ.

ಹೋಟೆಲಿನಲ್ಲಿ ಚಿಕ್ಕಪೇಟೆಯವರೊಬ್ಬರು ಇದ್ದರಂತೆ. ಸುದ್ದಿ ಚಾಮರಾಜಪೇಟೆ ಮುಟ್ಟುವಷ್ಟರಲ್ಲಿ ನಾವು ಮೇಷ್ಟ್ರ ಪಕ್ಕ ಕೂತು ದೋಸೆ ತಿಂದಿದ್ದೆವು, ಕಾಫಿ ಕುಡಿದಿದ್ದೆವು. ಮಾರನೆಯ ದಿನದಿಂದ ಗಿರಿಜ ಬರಲಿಲ್ಲ. ನಮ್ಮ ಮನೆಯಲ್ಲೂ ಕೂಗಾಟವಾಯಿತು. ಆದರೆ ನನ್ನ ಜಾತಕದಲ್ಲಿ ಕುಜದೋಷ, ಅವಸರದಲ್ಲಿ ಗಂಡು ಎಲ್ಲಿ ಸಿಕ್ಕಬೇಕು? ಆದ್ದರಿಂದ ಓದು ಮುಂದುವರಿಯಿತು. ನನ್ನ ಬಿ.ಎ.ಗೆ ಸರಸ್ವತಿಗಿಂತ ಕುಜನ ಕೃಪೆಯೇ ಹೆಚ್ಚು.

ಮೇಷ್ಟ್ರು ಶಾಲು ಹೊದ್ದು ಗಿರಿಜಳ ಮನೆಗೆ ಹೋದರು. ನನ್ನ ತಂದೆಯೂ ಜೊತೆಗೆ ಹೋಗಿದ್ದರಿಂದ ಅಲ್ಲಿ ನಡೆದದ್ದು ನನಗೆ ಗೊತ್ತು. "ಮಗೂದು ಏನೂ ತಪ್ಪಿಲ್ಲ. ತಪ್ಪು ನನ್ನ ಕೆಮ್ಮಿಂದು," ಎಂದರಂತೆ. ಅಜ್ಜ ಅವರನ್ನು ಜಮಖಾನದ ಮೇಲೆ ಕೂರಿಸಿ, ಬಾದಾಮಿ ಹಾಲು ಕೊಟ್ಟು, "ನಿಮ್ಮ ಮೇಲೆ ಬೇಜಾರಿಲ್ಲ ಮೇಷ್ಟ್ರೇ. ಜನರ ಬಾಯಿಗೆ ಬಾಗಿಲು ಹಾಕೋಕಾಗುತ್ತಾ? ಶೇಷಾದ್ರಿಪುರದಲ್ಲಿ ಗಂಡು ಗೊತ್ತಾಗಿದೆ. ಪರೀಕ್ಷೆಗೆ ಕಳಿಸ್ತೀವಿ ಅಂದಿದಾರೆ," ಎಂದರಂತೆ.

ಕಳಿಸಲಿಲ್ಲ. ಪರೀಕ್ಷೆಯಲ್ಲಿ ನನ್ನ ಪಕ್ಕದ ಜಾಗ ಖಾಲಿಯಾಗಿಯೇ ಇತ್ತು. ಅನುಮಾನದ ಪ್ರಶ್ನೆಯೇ ಮೊದಲು ಬಂದಿತ್ತು. ಅವಳಾಗಿದ್ದರೆ ಪುಟಗಟ್ಟಲೆ ಬರೆಯುತ್ತಿದ್ದಳು ಎನ್ನಿಸಿ ನನಗೆ ಅಳು ಬಂತು, ಅತ್ತುಕೊಂಡೇ ಬರೆದೆ. ಮುಗಿದ ಮೇಲೆ ತರಗತಿಗೆ ಹೋಗಿ ತಿರುಗಿ ನೋಡಲು ಮನಸ್ಸಾಗಲಿಲ್ಲ.

ಮೇಷ್ಟ್ರಂತೂ ಆ ಹೋಟೆಲಿನ ದಿನದಿಂದ ಕೆಮ್ಮುವುದನ್ನೇ ಬಿಟ್ಟಿದ್ದರು. ಛತ್ರಿಯ ಹಿಡಿಯಿಂದ ಬಾಗಿಲು ತಟ್ಟುವರು. ನಿಜವಾಗಿ ಕೆಮ್ಮು ಬಂದರೂ ನಮ್ಮ ಕೋಣೆ ದಾಟುವವರೆಗೆ ತಡೆದುಕೊಳ್ಳುವರು. ನಡೆಯುವಾಗ ಆಗಾಗ ಹಿಂದಿರುಗಿ, ಎಷ್ಟು ಜನ ಬರುತ್ತಿದ್ದಾರೆಂದು ನೋಡುತ್ತಿದ್ದರು. ನಾನೊಬ್ಬಳೇ ಇರುತ್ತಿದ್ದೆ.

ಮುಂದೆ ಎಂ.ಎ. ಮಾಡಿ ಅದೇ ಕಾಲೇಜಿಗೆ ಪಾಠ ಹೇಳಲು ಸೇರಿದೆ. ಮೇಷ್ಟ್ರು ಆಗ ಇರಲಿಲ್ಲ. ಮೊದಲ ದಿನ ವೇದಿಕೆ ಹತ್ತಿ ತಲೆಯೆತ್ತಿದೆ. ಹಿಂದಿನ ಗೋಡೆಯ ಮುಕ್ಕಾಲು ಭಾಗ ಒಂದು ದೊಡ್ಡ ಕಿಟಕಿ. ಅದರಾಚೆ ಆಕಾಶಮಲ್ಲಿಗೆ ಮರ, ಮೈತುಂಬ ಬೆಳ್ಳಗೆ ಹೂಬಿಟ್ಟು ತೂಗುತ್ತಿತ್ತು. ಅಷ್ಟು ಚೆಲುವನ್ನು ಬೆನ್ನ ಹಿಂದೆ ಇಟ್ಟುಕೊಂಡು ನಾವು ಕರಿಹಲಗೆ ನೋಡಿದ್ದೆವು. ಹುಡುಗರು ಕಾಯುತ್ತಿದ್ದರು.

ಹೋದ ಶ್ರಾವಣದಲ್ಲಿ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಗಿರಿಜ ಸಿಕ್ಕಳು. ಮುಂದೆ ಅವಳ ಅತ್ತೆ, ಹಿಂದೆ ಬುಟ್ಟಿ ಹಿಡಿದು ಅವಳು. ಮೈ ಇಳಿದಿತ್ತು, ಕಣ್ಣು ಮಾತ್ರ ಅದೇ.

"ನೋಡು, ಈಗ್ಲೂ ಹಿಂದೆ ನಡೀತಾನೇ ಇದೀನಿ," ಎಂದಳು. "ಎಷ್ಟು ನಡೆದ್ರೂ ಕ್ಲಾಸೇ ಬರಲ್ಲ." ಆಮೇಲೆ ದನಿ ತಗ್ಗಿಸಿ, "ಅಲ್ಲೇ ಪಾಠ ಹೇಳ್ತೀಯಂತೆ. ಹಿಂದುಗಡೆ ಏನಿತ್ತೇ?" ಎಂದು ಕೇಳಿದಳು.

ಹೇಳಿ ಅವಳ ಹೊಟ್ಟೆ ಯಾಕೆ ಉರಿಸಲಿ ಎನ್ನಿಸಿತು. "ಏನೂ ಇರ್ಲಿಲ್ಲ ಕಣೇ. ಬರೀ ಗೋಡೆ."

ಅವಳು ಬುಟ್ಟಿಯಲ್ಲಿದ್ದ ಸೇವಂತಿಗೆಯನ್ನು ಸರಿಮಾಡಿದಳು. "ಸುಳ್ಳು ಹೇಳ್ಬೇಡ್ವೇ. ನಂಗೆ ಬೆನ್ನಿಗೆ ಗಾಳಿ ಬರ್ತಿತ್ತು."

ಅಷ್ಟರಲ್ಲಿ ಮುಂದೆ ಅತ್ತೆ ಕೆಮ್ಮಿದರು. ಗಿರಿಜ ಸೆರಗು ಹೊದ್ದು ಹೊರಟಳು.