ಕತೆಯ ಹುಡುಗಿಗೆ ಮಡಿಲಕ್ಕಿ

ಮೊನ್ನೆ ಸಂತೆಯಿಂದ ಹೊಸ ಹುಣಸೆಹಣ್ಣು ತಂದು ಮೊರಕ್ಕೆ ಸುರಿದೆ. ಸಿಪ್ಪೆ ಒಡೆಯುತ್ತಿದ್ದ ಹಾಗೆ ಧೂಳು ಮೂಗಿಗೆ ಬಡಿಯಿತು. ಹುಳಿಯ ಜೊತೆ ಒಂದಿಷ್ಟು ಸಿಹಿ, ಒಂದಿಷ್ಟು ಮಣ್ಣು ಬೆರೆತ ಆ ವಾಸನೆ... ಸೀನು ಬಂತು, ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳುವಷ್ಟರಲ್ಲಿ ಹೊಲಿಗೆ ಟೀಚರ್ ಎದುರಿಗೇ ಕೂತಂತಾಯಿತು, ಮೂಗಿನ ತುದಿಗೆ ಕನ್ನಡಕ ಜಾರಿಸಿಕೊಂಡು, ಮಂಡಿಯ ಮೇಲೆ ಪುಸ್ತಕ ತೆರೆದಿಟ್ಟುಕೊಂಡು.

ನಾನಾಗ ಕೊಳಾಲದ ಕಡೆಯಿಂದ ಮದುವೆಯಾಗಿ ಕೊಡಿಗೇನಹಳ್ಳಿಗೆ ಬಂದ ಹೊಸತು. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅವರು ಬಾಡಿಗೆಗಿದ್ದರು. ಹೈಸ್ಕೂಲಿನಲ್ಲಿ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಒಬ್ಬಳು ಮಗಳಿದ್ದಾಳೆ ಎಂದಷ್ಟೇ ನಮಗೆ ಗೊತ್ತು. ಆ ಮಾತು ಎತ್ತಿದರೆ ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸಿಬಿಡುತ್ತಿದ್ದರು. ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ತಿಳಿಬಣ್ಣದ ಸೀರೆ ಉಟ್ಟು ಹಿಂದೂಪುರದ ಬಸ್ಸು ಹತ್ತಿ ಚರ್ಚಿಗೆ ಹೋಗಿ ಬರುವರು. ಅಲ್ಲಿ ಪ್ರಾರ್ಥನೆಯೆಲ್ಲ ತೆಲುಗಿನಲ್ಲಿ. “ದೇವರಿಗೆ ಎಲ್ಲ ಭಾಷೆ ಬರುತ್ತೆ, ನನಗೇ ಬರಲ್ಲ” ಎಂದು ನಗುತ್ತಿದ್ದರು. ಅದಕ್ಕೇ ಇರಬೇಕು, ತುಮಕೂರಿಗೆ ಹೋದಾಗಲೆಲ್ಲ ಕನ್ನಡದ ಕ್ರೈಸ್ತ ಕಾದಂಬರಿಗಳನ್ನು ಹುಡುಕಿ ತರುತ್ತಿದ್ದರು. ತೆಳ್ಳನೆಯ ಪುಸ್ತಕಗಳು. ಅವಕ್ಕೆ ಹಳೇ ಕ್ಯಾಲೆಂಡರಿನ ಹಾಳೆಯ ರಟ್ಟು ಹಾಕಿ, ಸೂಜಿದಾರದಲ್ಲೇ ಬೆನ್ನು ಹೊಲಿದಿಡುತ್ತಿದ್ದರು.

ಮೊದಮೊದಲು ನಾನೇ ಕೇಳಿ ತೆಗೆದುಕೊಂಡೆ. ಬೇರೆ ಯಾರದೋ ಲೋಕ ಇರುತ್ತದೆ ಅಂದುಕೊಂಡು ತೆರೆದರೆ ನಮ್ಮ ಮನೆಗಳದೇ ಕತೆ. ಕುಡಿದು ಬರುವ ಗಂಡ, ಮಾತು ಬಿಟ್ಟ ಅಣ್ಣತಮ್ಮಂದಿರು, ಸೊಸೆಯ ಅಡುಗೆ ಒಪ್ಪದ ಅತ್ತೆ. ಹೆಸರು ಮಾತ್ರ ಎಸ್ತರ್, ಸ್ಯಾಮುವೆಲ್, ಗ್ರೇಸಿ. ಕಷ್ಟ ಬಂದರೆ ನಾವು ಹರಕೆ ಹೊರುತ್ತಿದ್ದೆವು, ಅವರು ಮಂಡಿಯೂರುತ್ತಿದ್ದರು.

ಹುಣಸೆ ಕಾಲ ಬಂದರೆ ಮಧ್ಯಾಹ್ನದ ಊಟ ಮುಗಿಸಿ ಅಕ್ಕಪಕ್ಕದ ಹೆಂಗಸರೆಲ್ಲ ನಮ್ಮ ಪಡಸಾಲೆಯಲ್ಲಿ ಸೇರುತ್ತಿದ್ದರು. ಸಿಪ್ಪೆ ಒಡೆಯುವುದು, ನಾರು ಎಳೆಯುವುದು, ಬೀಜ ಬಿಡಿಸುವುದು. ಬೇಸಿಗೆಯ ಬೆಳಗಿನ ಸ್ಕೂಲು ಮುಗಿಸಿ ಟೀಚರೂ ಬಂದು ಕೂರುವರು. ಆದರೆ ಸೂಜಿ ಚುಚ್ಚಿದ ಬೆರಳಿಗೆ ಹುಳಿ ತಾಗಿದರೆ ಉರಿ. ನಮ್ಮತ್ತೆಯೇ ದಾರಿ ಹುಡುಕಿದರು. “ಕೈ ಬ್ಯಾಡ, ಬಾಯಾದ್ರೂ ಕೊಡಿ ಟೀಚರಮ್ಮ. ಅದೇನ್ ಓದ್ಕಂತೀರೋ ನಮ್ಗೂ ಒಸಿ ಕೇಳ್ಸಿ.”

ಹಾಗೆ ಶುರುವಾಗಿದ್ದು ಗ್ರೇಸಿಯ ಕತೆ. ಗ್ರೇಸಿ ತಾಯಿಯ ಮಾತು ಮೀರಿ, ಚರ್ಚಿಗೆ ಸೇರದ ಹುಡುಗನನ್ನು ಮದುವೆಯಾಗಿದ್ದಳು. ತಾಯಿ ಮನೆ ಬಾಗಿಲು ಮುಚ್ಚಿದ್ದಳು. ಹುಡುಗಿ ಈಗ ಬಸುರಿ, ಬೇರೆ ಊರಿನ ಒಂದು ಕೋಣೆಯಲ್ಲಿ ತಾಯಿಗಾಗಿ ಕಾಯುತ್ತಿದ್ದಳು.

ಎದುರುಮನೆ ಅಕ್ಕನಿಗೆ ಬಾಯಿ ಸುಮ್ಮನಿರದು. “ಇವ್ರೇನಮ್ಮ, ಮಾತ್‌ಮಾತ್ಗೂ ಕಣ್ ಮುಚ್ಕಂಡು ಪ್ರಾರ್ಥನೆಗೆ ಕೂತ್ಕಂತಾರೆ! ಒಲೆ ಮ್ಯಾಗಿನ ಸಾರು ಉಕ್ಕಲ್ವಾ?”

“ಒಲೆ ಆರಿಸಿಯೇ ಕೂತ್ಕೋತಾರೆ ಕಣಮ್ಮ” ಅನ್ನುವರು ಟೀಚರ್, ಪುಸ್ತಕದಿಂದ ಕಣ್ಣೆತ್ತದೆ.

ನಮ್ಮತ್ತೆ ಮಾತ್ರ ಸೆರಗಿನಿಂದ ಕಣ್ಣೊರೆಸುತ್ತ ಕೇಳುತ್ತಿದ್ದರು. ಹುಳಿಗೈಯಲ್ಲಿ ಒರೆಸಿಕೊಂಡು ಇನ್ನಷ್ಟು ಅಳುತ್ತಿದ್ದರು.

ಗ್ರೇಸಿಗೆ ಏಳು ತಿಂಗಳು ತುಂಬಿದ ಕಡೆಗೆ ಬಂದಾಗ ಟೀಚರ್ ಪುಸ್ತಕ ಮುಚ್ಚಿ, “ಇವತ್ತಿಗೆ ಸಾಕು” ಅಂದರು. ಮಾರನೇ ದಿನ ಮುಂದಕ್ಕೆ ಹೋಗದೆ ಹಿಂದಿನ ಅಧ್ಯಾಯವನ್ನೇ ಓದಿದರು. ಅದರ ಮಾರನೇ ದಿನವೂ ಅದೇ. “ಟೀಚರಮ್ಮೋ, ನಿನ್ನೆ ಸಾರನ್ನೇ ಬಿಸಿ ಮಾಡಿ ಬಡಿಸ್ತಾ ಇದೀರಲ್ಲ!” ಎಂದು ಎದುರುಮನೆ ಅಕ್ಕ ನಕ್ಕಳು.

ಆಗ ಅತ್ತೆ ಎದ್ದು ಕೈ ತೊಳೆದು ಒಳಗೆ ಹೋದರು. ಬಂದಾಗ ಅವರ ಕೈಯಲ್ಲಿ ಮೊರ. ಅದರಲ್ಲಿ ಅಕ್ಕಿ, ಬೆಲ್ಲದಚ್ಚು, ಕೊಬ್ಬರಿ, ಎಲೆಅಡಿಕೆ, ಹಸಿರು ಬಳೆ, ಹಬ್ಬಕ್ಕೆಂದು ನಾನು ಎತ್ತಿಟ್ಟುಕೊಂಡಿದ್ದ ರವಿಕೆ ಕಣ. ಎಲ್ಲವನ್ನೂ ಟೀಚರ ಮುಂದಿಟ್ಟರು.

“ಆ ಹುಡ್ಗಿ ಯಾವೂರಲ್ಲವಳೆ ಅಂತ ನೀವು ಬಾಯ್ಬುಡ್ತಿಲ್ಲ. ನೀವೇ ತಲುಪಿಸ್ಬುಡಿ. ಏಳ್ ತಿಂಗ್ಳಾಯ್ತು, ಒಬ್ರೂ ಮಡ್ಲು ತುಂಬ್ಲಿಲ್ಲ ಅಂದ್ರೆ ಹೆಂಗೆ?”

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಪಡಸಾಲೆ ಪೂರ್ತಿ ನಗು. “ಅತ್ತೆ, ಅದು ಕತೆ. ಯಾರೋ ಕೂತು ಬರೆದಿದ್ದು. ಗ್ರೇಸಿ ಅನ್ನೋಳು ಇಲ್ಲವೇ ಇಲ್ಲ” ಎಂದೆ ನಾನು.

ಅತ್ತೆಯ ಮುಖ ನೋಡಬೇಕಿತ್ತು. “ಇಲ್ವಾ? ಬುಕ್ನಲ್ಲಿ ಅಚ್ಚಾಗೈತೆ, ಇಲ್ಲ ಅಂತೀಯಲ್ಲೇ! ಇಷ್ಟ್ ದಿನ ನಾನ್ ಅತ್ತಿದ್ದು ಸುಳ್ಳಿಗಾ?”

ಟೀಚರ್ ನಗಲಿಲ್ಲ. ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. “ಸುಳ್ಳಲ್ಲ ಅಕ್ಕ. ನನ್ನ ಮಗಳೂ ಹೀಗೇ ಇದ್ದಾಳೆ, ಪಾವಗಡದಲ್ಲಿ. ಅವಳಿಗೂ ಏಳು ತಿಂಗಳಂತೆ.”

ಹುಣಸೆ ಒಡೆಯುವ ಸದ್ದು ನಿಂತಿತು. ಅವರೇ ನಿಧಾನವಾಗಿ ಹೇಳಿದರು. “ಹುಡುಗ ನಿಮ್ಮವರ ಪೈಕಿ, ಮೋಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಮದುವೆಯಾದ ಮೇಲೆ ಇಬ್ಬರೂ ಆಗ ನಾನಿದ್ದ ಮಧುಗಿರಿಯ ಮನೆಗೆ ಬಂದು ನಿಂತಿದ್ರು, ಕದ ತೆಗೀಲಿಲ್ಲ ನಾನು. ಈ ಪುಸ್ತಕದಲ್ಲಿ ಮುಂದೇನಾಗುತ್ತೆ ಅಂತ ನನಗೂ ಗೊತ್ತಿಲ್ಲ ಅಕ್ಕ. ಎಷ್ಟು ಸಲ ಶುರು ಮಾಡಿದ್ರೂ ಇಲ್ಲಿಗೇ ನಿಂತುಬಿಡ್ತೀನಿ. ನಾಲ್ಕು ಜನರ ಮುಂದೆ ಓದಿದ್ರಾದ್ರೂ ದಾಟಬಹುದು ಅಂದ್ಕೊಂಡೆ...”

“ನಮ್ಮೋರ ಹುಡ್ಗನಾ? ಹಂಗಾರೆ ನಮ್ ಕಡೆ ಸೊಸೆ ಆದ್ಲಲ್ಲ!” ಅತ್ತೆ ಮೊರವನ್ನು ಇನ್ನಷ್ಟು ಮುಂದಕ್ಕೆ ತಳ್ಳಿದರು. “ಹೆಣ್ಮಗೀಗೆ ಅಂತ ಎತ್ತಿಟ್ಟಿದ್ದು ಮತ್ತೆ ಡಬ್ಬಕ್ಕೆ ಸುರಿಯಂಗಿಲ್ಲ ಕಣಮ್ಮ. ಯಾರಾನ ತಗಂಡು ಹೋಗ್ಲೇಬೇಕು.”

“ನಾನು ಹೋದಾಗ ಅವಳೂ ಕದ ತೆಗೀದಿದ್ರೆ?”

“ತೆಗೀದಿದ್ರೆ ಜಗ್ಲಿ ಮ್ಯಾಲೆ ಕೂತ್ಕಳಾನ. ಬಸ್ರಿ ಹೆಂಗ್ಸು, ನೀರಿಗಾದ್ರೂ ಈಚೆಗೆ ಬರಲ್ವಾ?”

ಆ ಭಾನುವಾರ ಟೀಚರ್ ಹಿಂದೂಪುರದ ಬಸ್ಸು ಹತ್ತಲಿಲ್ಲ. ಗಂಟು ಕಟ್ಟುವಾಗ ಅತ್ತೆ ಕುಂಕುಮದ ಪೊಟ್ಟಣ ತೆಗೆದು ಪಕ್ಕಕ್ಕಿಟ್ಟರು. “ಇದು ನಿಮ್ಮೋರು ಹಚ್ಕಳಲ್ಲ, ಬ್ಯಾಡ. ಅರಿಶಿನದ ಕೊಂಬು ಇರ್ಲಿ, ಸಾರಿಗಾದ್ರೂ ಆಯ್ತದೆ.” ಮಧುಗಿರಿಯಲ್ಲಿ ಬಸ್ಸು ಬದಲಿಸಿ ಮೂವರೂ ಪಾವಗಡಕ್ಕೆ ಹೋದೆವು. ಅತ್ತೆ ದಾರಿಯುದ್ದಕ್ಕೂ ಗಂಟನ್ನು ತೊಡೆಯಿಂದ ಕೆಳಗಿಳಿಸಲಿಲ್ಲ. ಟೀಚರ್ ಕಿಟಕಿಯ ಕಡೆ ತಿರುಗಿ ತುಟಿ ಅಲ್ಲಾಡಿಸುತ್ತಿದ್ದರು. ಪ್ರಾರ್ಥನೆಯೋ, ಮಗಳಿಗೆ ಹೇಳಬೇಕಾದ ಮಾತೋ.

ಮೋಟರ್ ಅಂಗಡಿಯವನ ಮನೆ ಕೇಳಿಕೊಂಡು ಹೋದೆವು. ಪಕ್ಕದ ಮನೆಯಾಕೆ “ಎವರು ಕಾವಾಲಮ್ಮಾ?” ಎಂದು ತೆಲುಗಿನಲ್ಲಿ ಕೇಳಿದ್ದಕ್ಕೆ ಅತ್ತೆ ಕನ್ನಡದಲ್ಲೇ, “ಬಸ್ರಿ ಹುಡ್ಗಿ ಕಣಮ್ಮ” ಎಂದು ಹೊಟ್ಟೆಯ ಮುಂದೆ ಕೈ ಮಾಡಿ ತೋರಿಸಿದರು. ಆ ಮಾತು ಒಳಗೆ ಕೇಳಿಸಿರಬೇಕು. ಹಿಟ್ಟು ಮೆತ್ತಿದ ಕೈಯಲ್ಲೇ ಹುಡುಗಿ ಬಾಗಿಲಿಗೆ ಬಂದಳು.

ಹುಡುಗಿ ತಾಯಿಯನ್ನು ನೋಡಿದಳು, ಗುರುತಿಲ್ಲದ ನಮ್ಮಿಬ್ಬರನ್ನೂ ಗಂಟನ್ನೂ ನೋಡಿದಳು. ಹಿಟ್ಟಿನ ಕೈ ಬಾಗಿಲ ಮೇಲೇ ಇತ್ತು. ಮುಚ್ಚಿಬಿಟ್ಟರೆ ಕೂರಲು ಜಗಲಿ ಇದೆಯೇ ಎಂದು ನೋಡಿದೆ.

“ಇವರ್ಯಾರಮ್ಮ?” ಅಂದಳು.

“ಮನೆ ಓನರ್ರು ಕಣೆ” ಎಂದು ಟೀಚರ್ ಅಲ್ಲೇ ಹೊಸ್ತಿಲ ಮೇಲೆ ಕೂತು ಅತ್ತುಬಿಟ್ಟರು. ಅವಳೂ ಬಾಗಿಲು ಬಿಟ್ಟು ಅವರ ಪಕ್ಕ ಕೂತಳು.

ಅತ್ತೆಗೆ ಅಳುವವರನ್ನು ಹೆಚ್ಚು ಹೊತ್ತು ಬಿಟ್ಟು ಗೊತ್ತಿಲ್ಲ. ಹುಡುಗಿಯನ್ನು ಎಬ್ಬಿಸಿ ಪೂರ್ವಕ್ಕೆ ಮುಖ ಮಾಡಿ ಕೂರಿಸಿದರು. ನಾನು ಬಳೆ ತೊಡಿಸಿದೆ. ಅಕ್ಕಿಯನ್ನು ಟೀಚರ ಬೊಗಸೆಗೇ ತುಂಬಿಸಿ ಮಗಳ ಮಡಿಲಿಗೆ ಹಾಕಿಸಿದರು. ಆಮೇಲೆ ಟೀಚರ್ ಮಗಳ ತಲೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ಕನ್ನಡದಲ್ಲಿ ಪ್ರಾರ್ಥನೆ ಮಾಡಿದರು. ಮುಗಿದಾಗ ನಾವಿಬ್ಬರೂ “ಆಮೆನ್” ಅಂದೆವು. ಅಷ್ಟನ್ನು ಕಾದಂಬರಿಯಿಂದ ಕಲಿತಿದ್ದೆವು.

ಊರಿಗೆ ಬಂದ ಮೇಲೆ ಉಳಿದ ಪುಟಗಳನ್ನು ಟೀಚರ್ ಒಂದೇ ಮಧ್ಯಾಹ್ನ ಓದಿ ಮುಗಿಸಿದರು. ಪುಸ್ತಕದ ತಾಯಿ ಮನೆಯಲ್ಲೇ ಕೂತು ಪ್ರಾರ್ಥಿಸುತ್ತಾಳೆ, ಗ್ರೇಸಿ ತಾನಾಗಿಯೇ ಬಂದು ಕ್ಷಮೆ ಕೇಳುತ್ತಾಳೆ. ಎಲ್ಲರೂ ಕಣ್ಣೊರೆಸಿಕೊಂಡರೂ ಅತ್ತೆ ಮಾತ್ರ ಒಪ್ಪಲಿಲ್ಲ. “ಬಸ್ರಿ ಹುಡ್ಗೀನೇ ಬರ್ಬೇಕಾ? ಆಯಮ್ಮಂಗೆ ಕಾಲಿರ್ಲಿಲ್ವಾ? ನಮ್ ಟೀಚರಮ್ಮನೇ ವಾಸಿ.” ಟೀಚರ್ ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ಅವತ್ತೇ ಮೊದಲು ಕಂಡಿದ್ದು.

ನಿವೃತ್ತಿಯಾದ ಕೂಡಲೇ ಅವರು ಮಗಳ ಮನೆಗೆ ಹೊರಟರು. ಹೊಲಿಗೆ ಮಿಷನ್ನು, ಪುಸ್ತಕದ ಟ್ರಂಕು ಟೆಂಪೋ ಹತ್ತಿದವು. “ಸೇರ್ಸಿದ್ದು ನಾವೇ, ಈಗ ಅತ್ರೆ ಹೆಂಗೆ” ಎನ್ನುತ್ತಲೇ ಅತ್ತೆ ಅತ್ತರು. ಒಂದೆರಡು ವರ್ಷ ಹೋಗಿ ಬರುವುದು ನಡೆಯಿತು. ಅತ್ತೆ ತೀರಿಕೊಂಡ ಮೇಲೆ ಅದೂ ಕಡಿಮೆಯಾಗುತ್ತ... ಕೊನೆಗೆ ಫೋನಿನ ಮಾತಷ್ಟೇ ಉಳಿಯಿತು. ಮುಂದಿನ ಕೋಣೆಗೆ ಎಷ್ಟೋ ಜನ ಬಂದರು, ಹೋದರು.

ಹೋದ ತಿಂಗಳು ಟೀಚರ ಮಗಳೇ ಫೋನ್ ಮಾಡಿದಳು. “ಅಕ್ಕ, ಅಮ್ಮ ಹೋದ್ರು” ಅಂದಳು. ಟೀಚರ್ ಓದಿಸಿದ ಆ ಕಾದಂಬರಿಗಳಲ್ಲಿ ಇಂಥ ಹೊತ್ತಿಗೆ ಯಾರಾದರೊಬ್ಬರು ಬಂದು ಕೈ ಹಿಡಿದು, ಮನಸ್ಸಿಗೆ ತಂಪಾಗುವ ಮಾತು ಹೇಳುತ್ತಿದ್ದರು.

“ಏನಾದ್ರೂ ಉಂಡ್ಯೇನಮ್ಮ?” ಎಂದೆ ನಾನು.

“ಇಲ್ಲಕ್ಕ” ಅಂದಳು. ಅಲ್ಲಿಯವರೆಗೆ ತಡೆದುಕೊಂಡಿದ್ದಳೇನೋ, ಆಗ ಅತ್ತಳು. ಅವಳ ಅಳು ಮುಗಿಯುವವರೆಗೂ ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡೇ ಇದ್ದೆ.