ನಲವತ್ತು ಷೇರಿನ ದರ್ಜಿ ಅಕ್ಕ

ಸಾಫ್ಟ್‌ವೇರ್ ಕಂಪನಿಯ ವಾರ್ಷಿಕ ಸಭೆಗೆ ದರ್ಜಿ ಅಕ್ಕ ಪ್ರತಿ ವರ್ಷವೂ ಅಂಗಡಿಗೆ ಬೀಗ ಜಡಿದು, ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಬರುತ್ತಿದ್ದಳು. ಈ ಸಲ ಕಂಪನಿ ನೆಲಕಚ್ಚಿತ್ತು. ಅರ್ಧ ಬೆಲೆಗೆ ಹೊಸ ಷೇರು ಮಾರಿ, ಆ ಹಣದಲ್ಲಿ ಮತ್ತೊಂದು ಸಾಫ್ಟ್‌ವೇರ್ ಮಾಡುತ್ತೇವೆ ಎಂದರು ಅಧ್ಯಕ್ಷರು. ಸಣ್ಣ ಷೇರುದಾರರಲ್ಲಿ ಕೆಲವರು ಹೂಂಗುಟ್ಟಿದರು, ಕೆಲವರು ಗೊಣಗಿದರು. ಅಕ್ಕ ಎದ್ದು ನಿಂತಳು.

"ಒಂದನ್ನ ಹೊಲಿದು ಮುಗಿಸದೆ ಇನ್ನೊಂದಕ್ಕೆ ಕತ್ತರಿ ಹಾಕ್ತೀರಲ್ಲ ಸ್ವಾಮಿ! ಮೊದಲು ಹಳೇದನ್ನ ಸರಿ ಮಾಡಿ."

"ನಿಮ್ಮ ಹತ್ರ ಎಷ್ಟು ಷೇರಿದೆಯಮ್ಮ?" ಎಂದರು ಅಧ್ಯಕ್ಷರು.

"ನಲವತ್ತು."

ಸಭೆ ಗೊಳ್ಳೆಂದು ನಕ್ಕಿತು. ಅವಳು ಜಗ್ಗಲಿಲ್ಲ.

"ನಗಿ, ನಗಿ. ಗಿರಾಕಿಗಳ ಅಳತೆನೆಲ್ಲ ನಾನು ನಿಮ್ಮ ಸಾಫ್ಟ್‌ವೇರಲ್ಲೇ ಇಡೋದು. ವಾರಕ್ಕೆರಡು ಸಲ ಸೊಂಟದ ಅಳತೆ ನುಂಗಿ ಕೂರುತ್ತೆ. ಅದನ್ನ ದಿನಾ ಬಳಸೋರು ಇಲ್ಲಿ ಇನ್ಯಾರಿದ್ದೀರಿ? ಕೈ ಎತ್ತಿ, ನೋಡೋಣ."

ಕೆಳಗೆ ಕೂತ ಷೇರುದಾರರಲ್ಲಿ ಒಂದು ಕೈಯೂ ಏಳಲಿಲ್ಲ. ವೇದಿಕೆಯ ಮೇಲಿದ್ದ ಕೈಗಳು ಮೆಲ್ಲಗೆ ಮೇಜಿನಡಿಗೆ ಸರಿದವು.