ಜಿಪಾರಕ್ಕನ ಇಪ್ಪತ್ತು ನಿಮಿಷ

ದೂರದ ಹಿಮಬೆಟ್ಟಗಳ ನಾಡಿನ ನರೀನ್ ಊರಿನ ವಿಶ್ವವಿದ್ಯಾಲಯದ ಭಾಷಾ ವಿಭಾಗದಲ್ಲಿ ಜಿಪಾರಕ್ಕ ಇಪ್ಪತ್ತಾರು ವರ್ಷದಿಂದ ಸಹಾಯಕಿ. ಬೀರುಗಳ ಬೀಗದ ಕೈ, ಪ್ರೊಫೆಸರುಗಳ ರಕ್ತದೊತ್ತಡದ ಮಾತ್ರೆ, ಚಹಾದ ನೀರು ಕಾಯಿಸುವ ಸಮೋವರ್ ಎಲ್ಲವೂ ಅವಳ ಸುಪರ್ದಿಯಲ್ಲೇ. ವಿಭಾಗ ಈವರೆಗೆ ಏಳು ವಿಚಾರಸಂಕಿರಣ ನಡೆಸಿದೆ, ಏಳರಲ್ಲೂ ಕೊನೆಯ ಭಾಷಣಕಾರ ಬಾಯಿ ತೆರೆದಿಲ್ಲ. ವಿದ್ವಾಂಸರ ಜಾತಿಯೇ ಹಾಗೆ. ಮೊದಲಿನವರು ಸಮಯ ತಿಂದು ತೇಗುವಷ್ಟರಲ್ಲಿ ಸಭಾಂಗಣ ಬಿಟ್ಟುಕೊಡುವ ಹೊತ್ತಾಗಿರುತ್ತಿತ್ತು.

ಎಂಟನೆಯದು ಅವಲಂಬನ ವ್ಯಾಕರಣದ ಬಗ್ಗೆ. ವಾಕ್ಯಕ್ಕೆ ಕ್ರಿಯಾಪದವೇ ಯಜಮಾನ, ಉಳಿದ ಪದಗಳೆಲ್ಲ ಅದರ ಕೈಕೆಳಗೆ ಎನ್ನುವ ಸಿದ್ಧಾಂತ ಅದು. ಈ ಸಲ ಕಾರ್ಯಕ್ರಮದ ಹಾಳೆಯಲ್ಲಿ ಕೊನೆಯ ಹೆಸರು ಜಿಪಾರಕ್ಕನದೇ. ಹತ್ತೊಂಬತ್ತು ವರ್ಷ ಸಂತೆಯಲ್ಲಿ, ಬಸ್ಸಿನಲ್ಲಿ, ಉಣ್ಣೆ ಕಂಬಳಿ ಮಾಡುವ ಹೆಂಗಸರ ನಡುವೆ ಕಿವಿಗೆ ಬಿದ್ದ ವಾಕ್ಯಗಳನ್ನು ಚೀಟಿಗಳಲ್ಲಿ ಬರೆದು ಹಳೆಯ ಚಹಾ ಡಬ್ಬಿಯಲ್ಲಿ ತುಂಬಿಟ್ಟಿದ್ದಳು. ಎರಡು ಕ್ರಿಯಾಪದ ಒಟ್ಟೊಟ್ಟಿಗೆ ಬಂದರೆ ಯಜಮಾನ ಯಾರು ಎನ್ನುವುದು ಅವಳ ಪ್ರಶ್ನೆ. ಒಂದೇ ಒಲೆಗೆ ಇಬ್ಬರು ಸೊಸೆಯರಿದ್ದ ಮನೆಯಲ್ಲಿ ಬೆಳೆದವಳಿಗೆ ಅದು ಹೊಳೆದದ್ದರಲ್ಲಿ ಆಶ್ಚರ್ಯವಿಲ್ಲ. ಬರುವ ಬೇಸಿಗೆಗೆ ನಿವೃತ್ತಿ. ಈ ಸಲ ತಪ್ಪಿದರೆ ಆ ಚೀಟಿಗಳನ್ನು ಇನ್ಯಾರೂ ಕೇಳುವುದಿಲ್ಲ.

ತೊಡಕು ಎಂದರೆ ಅವಳಿಗಿಂತ ಮುಂಚೆ ಮಾತಾಡುವ ಮಾಮಿರ್ ಮೇಷ್ಟ್ರು. ವಯಸ್ಸು ಎಪ್ಪತ್ತೊಂಬತ್ತು, ವಿಭಾಗ ಕಟ್ಟಿದವರು. ಗಂಡ ತೀರಿಕೊಂಡು ಓದು ಅರ್ಧಕ್ಕೆ ನಿಂತಾಗ ಜಿಪಾರಳನ್ನು ಕರೆದು ಕೆಲಸ ಕೊಟ್ಟವರೂ ಅವರೇ. ಮಾತಿಗೆ ನಿಂತರೆ ಮಾತ್ರ ಲಗಾಮಿಲ್ಲದ ಕುದುರೆ.

ವಿಭಾಗದ ಮುಖ್ಯಸ್ಥ ತಲಾಂತ್, ಒಂದು ಕಾಲಕ್ಕೆ ಅವಳ ಹತ್ತಿರ ಸೀಮೆಸುಣ್ಣ ಬೇಡುತ್ತಿದ್ದ ವಿದ್ಯಾರ್ಥಿ, ಮೇಜಿನ ಗಂಟೆಯೊಂದನ್ನು ತಂದ.

"ಒಬ್ಬೊಬ್ಬರ ಇಪ್ಪತ್ತು ನಿಮಿಷ ಮುಗಿದ ತಕ್ಷಣ ಬಾರಿಸಿಬಿಡೋದು ಅಕ್ಕ."

"ಬಾರಿಸೋರು ಯಾರು ತಮ್ಮಾ?"

"ನೀವು ಅಂದ್ಕೊಂಡಿದ್ದೆ..."

"ನೀನೇ ಮುಖ್ಯಸ್ಥ. ಬಾರಿಸು, ನೋಡೋಣ."

ತಲಾಂತ್ ಗೋಡೆಯ ಮೇಲಿದ್ದ ಮೇಷ್ಟ್ರ ಫೋಟೋ ನೋಡಿದ. "ಹಿರಿಯರ ಮಾತಿಗೆ ಗಂಟೆ ಹೊಡೆದೆ ಅಂತ ಗೊತ್ತಾದ್ರೆ ನಮ್ಮಮ್ಮ ನನ್ನ ಮನೆಗೇ ಸೇರಿಸಲ್ಲ."

ಬೆಕ್ಕಿಗೆ ಗಂಟೆ ಕಟ್ಟುವವರಿಲ್ಲದೆ ಗಂಟೆ ಬೀರು ಸೇರಿತು.

"ಇರಲಿ, ಚಹಾ ಬಗ್ಗಿಸೋದು ನಾನು ತಾನೇ? ನೋಡ್ಕೋತೀನಿ," ಎಂದಳು ಜಿಪಾರಕ್ಕ.

ಆ ಕಡೆ ಮರ್ಯಾದೆಯ ಅತಿಥಿಗೆ ಬಟ್ಟಲಲ್ಲಿ ಒಂದೆರಡು ಗುಟುಕು ಮಾತ್ರ ಕೊಡುತ್ತಾರೆ. ಖಾಲಿಯಾದ ಹಾಗೆಲ್ಲ ಮತ್ತೆ ಬಗ್ಗಿಸುತ್ತ ಕೂರಿಸಿಕೊಳ್ಳುವುದೇ ಉಪಚಾರ. ಅಂಚಿನವರೆಗೆ ತುಂಬಿಸಿ ಕೊಟ್ಟರೆ ಕುಡಿದು ಹೊರಡಿ ಎಂದರ್ಥ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಅವಳ ಲೆಕ್ಕಾಚಾರ.

ಆ ಶುಕ್ರವಾರ ಆರು ಭಾಷಣಕಾರರು, ಹದಿನಾಲ್ಕು ಕೇಳುಗರು ಸೇರಿದರು. ಆರಂಭದ ಆಶೀರ್ವಾದವೇ ಇಪ್ಪತ್ತೈದು ನಿಮಿಷ ನಡೆಯಿತು. ಮಾಮಿರ್ ಮೇಷ್ಟ್ರು ನಾಲ್ಕಕ್ಕೆ ಎದ್ದರು. ಐದಕ್ಕೆ ಸಭಾಂಗಣ ನೃತ್ಯ ತಂಡದ್ದು. ನಾಲ್ಕೂ ಇಪ್ಪತ್ತಕ್ಕೆ ಅವರು ಕ್ರಿಯಾಪದ ಬಿಟ್ಟು, ತಮ್ಮ ಹದಿಹರೆಯದ ಒಂದು ಹಿಮಗಾಳಿಗೆ, ಅದರಲ್ಲಿ ಕಳೆದುಹೋದ ಕಂದು ಕುದುರೆಗೆ ಬಂದಿದ್ದರು. ಜಿಪಾರಕ್ಕ ತುಂಬಿದ ಬಟ್ಟಲು ತಂದಿಟ್ಟಳು.

ಮೇಷ್ಟ್ರು ಅದನ್ನು ಗಟಗಟನೆ ಕುಡಿದರು. "ಬದುಕಿಸಿದೆ ಮಗಳೇ, ಗಂಟಲು ಒಣಗಿಹೋಗಿತ್ತು," ಎಂದು ಮತ್ತೆ ಕುದುರೆ ಹುಡುಕಲು ಹೊರಟರು.

ನಾಲ್ಕೂ ಮೂವತ್ತೈದಕ್ಕೆ ಎರಡನೆಯ ಬಟ್ಟಲು ತಂದಳು. ಮೇಜಿನ ಮೇಲೆ ಚೆಲ್ಲುವಷ್ಟು ತುಂಬಿತ್ತು. ಮೇಷ್ಟ್ರು ಕೈ ಚಾಚಿದವರು ಹಾಗೇ ನಿಂತರು. ಸಭೆಯೆಲ್ಲ ಆ ಬಟ್ಟಲನ್ನೇ ನೋಡುತ್ತಿತ್ತು.

"ಏನು ಮಗಳೇ, ನನ್ನ ಹೊರಡು ಅಂತಿದೀಯಾ?"

ಜಿಪಾರಕ್ಕನಿಗೆ ಉಂಡ ಮನೆಗೆ ಎರಡು ಬಗೆದಷ್ಟು ನಾಚಿಕೆಯಾಯಿತು. ಆದರೆ ಕಂಕುಳಲ್ಲಿ ಡಬ್ಬಿ ಇತ್ತು.

"ಹೊರಡಿ ಅನ್ನಲಿಲ್ಲ ಮೇಷ್ಟ್ರೇ, ಕೂತ್ಕೊಳ್ಳಿ ಅಂದೆ. ಹತ್ತೊಂಬತ್ತು ವರ್ಷದಿಂದ ಒಂದು ಮಾತು ಇಟ್ಕೊಂಡಿದೀನಿ. ನೀವು ಕೇಳಬೇಕು."

ಮೇಷ್ಟ್ರು ಬಟ್ಟಲೆತ್ತಿಕೊಂಡು ಮುಂದಿನ ಸಾಲಿನಲ್ಲಿ ಕೂತರು. ಮುಖ ಬಿಗಿದಿತ್ತು.

ಜಿಪಾರಕ್ಕ ಡಬ್ಬಿ ತೆರೆದು ಮೊದಲ ಚೀಟಿ ಓದಿದಳು. ಅಳಿಯನನ್ನು ಬೈಯುವ ಅತ್ತೆಯ ಚೀಟಿಗೆ ಸಭೆ ನಕ್ಕಿತು. ಬಸ್ ಡ್ರೈವರನ "ಸತ್ತು ನಿಂತಿದೆ ಇಂಜಿನ್ನು" ಬರುವ ಹೊತ್ತಿಗೆ ತಲಾಂತ್ ಬರೆದುಕೊಳ್ಳತೊಡಗಿದ್ದ. ಸತ್ತದ್ದು ಯಜಮಾನನೋ ನಿಂತದ್ದು ಯಜಮಾನನೋ ಎಂದು ಅವಳು ಕೇಳುತ್ತಿರುವಾಗಲೇ ಬಾಗಿಲಲ್ಲಿ ಬೀಗದ ಕೈಗಳ ಗೊಂಚಲು ಗಲಗಲ ಎಂದಿತು. ಸಭಾಂಗಣದ ಕಾವಲುಗಾರ ಬಂದು ನಿಂತಿದ್ದ.

"ಐದಾಯ್ತು! ಡ್ಯಾನ್ಸಿನವರು ಹೊರಗೆ ಕಾಯ್ತಿದಾರೆ, ಏಳಿ ಏಳಿ!"

ಡಬ್ಬಿಯಲ್ಲಿ ಅರ್ಧಕ್ಕಿಂತ ಹೆಚ್ಚು ಚೀಟಿ ಉಳಿದಿದ್ದವು. ಜಿಪಾರಕ್ಕ ಮುಚ್ಚಳ ಕೈಗೆತ್ತಿಕೊಂಡಳು.

ಆಗ ಮಾಮಿರ್ ಮೇಷ್ಟ್ರು ಎದ್ದರು. ಕುದುರೆಯ ಕಥೆ ಮತ್ತೆ ಬಂತೆಂದು ತಲಾಂತ್ ತಲೆಯ ಮೇಲೆ ಕೈ ಹೊತ್ತ. ಮೇಷ್ಟ್ರು ಹೋದದ್ದು ಸಮೋವರಿನ ಹತ್ತಿರ. ಜನ್ಮದಲ್ಲಿ ತಮ್ಮ ಕೈಯಾರೆ ಚಹಾ ಬಗ್ಗಿಸಿದವರಲ್ಲ, ಕೈಗೆ ಬಿಸಿ ತಾಗಿಸಿಕೊಂಡು ಒಂದು ಬಟ್ಟಲು ತುಳುಕುವಷ್ಟು ತುಂಬಿಸಿ ಕಾವಲುಗಾರನ ಕೈಗಿಟ್ಟರು.

"ಕುಡಿ ತಮ್ಮಾ."

ಕಾವಲುಗಾರ ಬಟ್ಟಲು ನೋಡಿದ, ಮೇಷ್ಟ್ರ ಮುಖ ನೋಡಿದ, ಬಟ್ಟಲು ಹಿಡಿದುಕೊಂಡೇ ಹೊರಗೆ ಹೋದ. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಮೇಷ್ಟ್ರು ನಗಲಿಲ್ಲ. ಇನ್ನೊಂದು ಬಟ್ಟಲಿಗೆ ಬಗ್ಗಿಸಿ, ಎಡಗೈ ಎದೆಗಿಟ್ಟುಕೊಂಡು, ಬಲಗೈಯಲ್ಲಿ ಜಿಪಾರಕ್ಕನ ಮುಂದೆ ಹಿಡಿದರು. ಅವಳು ಬಗ್ಗಿ ನೋಡಿದಳು. ತಳದಲ್ಲಿ ಒಂದೇ ಗುಟುಕಿತ್ತು.

"ಯಜಮಾನ ಯಾರು ಅಂತ ನೀನಿನ್ನೂ ಹೇಳಲಿಲ್ಲ," ಎಂದರು ಮೇಷ್ಟ್ರು.

ಜಿಪಾರಕ್ಕ ಆ ಗುಟುಕು ಕುಡಿದು, ಕಣ್ಣೊರೆಸಿಕೊಂಡು, ಮುಂದಿನ ಚೀಟಿ ತೆಗೆದಳು.